ಪುಂಡಲೀಕ ಹೆಂಡತಿ ಹೇಳಿದಂತೆ ಪಂಢರಪುರಕ್ಕೆ ನಡೆದದ್ದು

ಬನ್ನಿ ಬನ್ನಿ, ಒದ್ದೆ ಛತ್ರಿ ಹೊರಗಿಟ್ಟು ಒಳಗೆ ಕೂತುಕೊಳ್ಳಿ. ಮಳೆ ಹಿಡಿದಿದೆ, ಸದ್ಯಕ್ಕೆ ಬಿಡುವ ಹಾಗಿಲ್ಲ. ಇಂಥದೇ ಮಳೆಯಲ್ಲಿ ಎಂಟು ದಿನ ನಡೆದ ಗಂಡ ಹೆಂಡತಿಯ ಕತೆ ಹೇಳುತ್ತೇನೆ. ಗಂಡ ಪೆದ್ದ. ಹೆಂಡತಿ ಪೆದ್ದಿಯಲ್ಲ. ನಗು ಬಂದಲ್ಲಿ ನಕ್ಕುಬಿಡಿ, ತಡೆದುಕೊಂಡು ಹೊಟ್ಟೆನೋವು ತಂದುಕೊಳ್ಳಬೇಡಿ.

ಡೋಣಿ ಹೊಳೆಯ ದಂಡೆಯ ಮೇಲೆ ಒಂದು ಊರು. ಆ ಊರಲ್ಲಿ ಬಟ್ಟೆ ಹೊಲಿಯುವ ಸೋನವ್ವ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಇದ್ದದ್ದು ಒಂದು ಹೊಲಿಗೆ ಮಷೀನು, ಒಬ್ಬ ಮಗ. ಮಷೀನಿಗೆ ಎಣ್ಣೆ ಬಿಟ್ಟರೆ ಓಡುತ್ತಿತ್ತು. ಮಗನಿಗೆ ಏನು ಬಿಟ್ಟರೆ ಓಡುತ್ತಾನೆ ಅಂತ ಮೂವತ್ತು ವರ್ಷವಾದರೂ ಅವಳಿಗೆ ತಿಳಿಯಲಿಲ್ಲ. ಅವನ ಹೆಸರು ಪುಂಡಲೀಕ. ಮೈಯಲ್ಲಿ ಕಸುವಿತ್ತು, ಮನಸ್ಸಿನಲ್ಲಿ ಕಪಟ ಇರಲಿಲ್ಲ. ಹೇಳಿದ್ದನ್ನು ಮರೆಯುವವನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ.

ಒಂದು ಸಲ ಗೌಡರ ಹೆಂಡತಿ ಮಗಳ ಪೋಲಕಕ್ಕೆ ಬಟ್ಟೆ ತಂದಳು. "ಸಡಲ ಹೊಲಿಯಪ್ಪಾ. ಹುಡುಗಿ ಬೆಳೀತಾಳ. ಮುಂದಿನ ವರ್ಷ ಹಾಕ್ಕೊಳ್ಳೂ ಹಂಗ ಇರಲಿ" ಅಂದಳು. ಪುಂಡಲೀಕ ಹೊಲಿದ. ಚೆನ್ನಾಗಿಯೇ ಹೊಲಿದ. ಮಡಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಹಬ್ಬ ಬಂತು, ಗೌಡತಿ ಬಂದಳು.

"ಪೋಲಕ ಕೊಡಪ್ಪಾ!"

"ಮುಂದಿನ ವರ್ಷ ಬರ್ರೀ!"

"ಹಬ್ಬ ನಾಳಿಗೈತೆಲೋ!"

"ನೀವ ಹೇಳೀರಲ್ರೀ, ಮುಂದಿನ ವರ್ಷ ಹಾಕ್ಕೊಳ್ಳೂದು ಅಂತ!"

ಟ್ರಂಕಿನ ಮೇಲೆ ಕೂತವನು ಏಳಲೇ ಇಲ್ಲ. ಸೋನವ್ವ ಎದೆ ಎದೆ ಬಡಿದುಕೊಂಡಳು. "ಅಯ್ಯ ಮಗನ! ನಾ ಸತ್ತ ಮ್ಯಾಲ ನಿನಗ ಯಾರೋ ಗತಿ?"

"ಸತ್ತ ಮ್ಯಾಲ ಯಾರು ಅಂತ ನೀನ ಬಂದು ಹೇಳಬೇ, ಹಂಗ ಮಾಡ್ತೀನಿ" ಅಂದ ಪುಂಡಲೀಕ.

ಇನ್ನೇನು ಮಾಡಿಯಾಳು ತಾಯಿ? ವಿಠ್ಠಲನಿಗೆ ಹರಕೆ ಹೊತ್ತಳು. "ನನ್ನ ಮಗನಿಗೊಂದು ಹೆಣ್ಣು ತೋರಸು ತಂದಿ. ಗಂಡ ಹೆಂಡತಿ ಇಬ್ಬರನ್ನೂ ಆಷಾಢ ಏಕಾದಶಿಗೆ ನಡಸಿಕೊಂತ ನಿನ್ನ ಕಡೆ ಕಳಸ್ತೀನಿ."

ಹೆಣ್ಣು ಸಿಕ್ಕಿತು. ಗೋದವ್ವ ಅಂತ. ಅಪ್ಪ ಅವ್ವ ಇರಲಿಲ್ಲ, ಅಣ್ಣ ದತ್ತೋಬ ಬೆಳೆಸಿದ ಹುಡುಗಿ. ಹೆಣ್ಣು ನೋಡಲು ಹೋದ ದಿನ ಸೋನವ್ವ ಮಗನಿಗೆ "ಬಾಯಿ ತಗಿಬ್ಯಾಡ" ಅಂದಿದ್ದಳು. ಅವನು ತೆಗೆಯಲಿಲ್ಲ. ಉಪ್ಪಿಟ್ಟು ಕೊಟ್ಟರೂ ತೆಗೆಯಲಿಲ್ಲ. "ಹುಡುಗ ಭಾಳ ಗಂಭೀರ" ಅಂತ ದತ್ತೋಬ ಒಪ್ಪಿಕೊಂಡುಬಿಟ್ಟ.

ಮೂರು ತಿಂಗಳಲ್ಲಿ ಪುಂಡಲೀಕನ ಪೆದ್ದತನದ ಸುದ್ದಿ ದತ್ತೋಬನ ಕಿವಿಗೆ ಬಿತ್ತು. ಉರಿದುಕೊಂಡು ಬಂದ. "ತಂಗೀ, ನಮಗ ಮೋಸ ಆಗೇತಿ. ಅರಿವಿ ಗಂಟು ಕಟ್ಟು, ನಡಿ ಮನಿಗೆ!"

ಗೋದವ್ವ ಅತ್ತೆಯ ಕಡೆ ನೋಡಿದಳು. ಅತ್ತೆ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. "ಅಣ್ಣಾ, ಅತ್ತಿ ಹರಕಿ ಹೊತ್ತಾಳ. ಮೂರು ತಿಂಗಳು ನಾ ಆಕಿ ಕೈ ರೊಟ್ಟಿ ಉಂಡೀನಿ. ಮೊದಲ ಹರಕಿ ತೀರಸ್ತೀನಿ, ಆಮ್ಯಾಲ ಮಾತು" ಅಂದಳು.

"ಹಂಗಾರ ಏಕಾದಶಿ ದಿನ ನಾ ಬಸ್ಸಿಗೆ ಪಂಢರಪುರಕ್ಕ ಬರ್ತೀನಿ. ದೇವರ ಮುಂದ ನಿಂತು ಹೇಳು. ಇವನ ಜೋಡಿ ಹೋಗ್ತೀಯೋ, ನನ್ನ ಜೋಡಿ ಬರ್ತೀಯೋ!"

"ಆತು ಅಣ್ಣಾ, ಅಲ್ಲೇ ಹೇಳ್ತೀನಿ."

ಸೋನವ್ವನ ಜೀವ ಹಾರಿಹೋಯಿತು. ಮಗನನ್ನು ಮೂಲೆಗೆ ಕರೆದು ಹೇಳಿದಳು: "ಪುಂಡ್ಯಾ, ಆಕಿ ಹೋದರ ನಮ್ಮ ಮನಿ ಹಾಳು. ದಾರಿಯಾಗ ಗೋದವ್ವ ಏನು ಹೇಳ್ತಾಳ ಅದನ್ನ ಮಾಡು. ಒಂದಕ್ಷರ ಬಿಡಬ್ಯಾಡ. ಆಕಿ ತಲಿ ಮ್ಯಾಲ ತುಳಸಿ ಇರ್ತಾಳ, ದಿನಾ ಮುಂಜಾನಿ ಒಂದು ತಂಬಿಗಿ ನೀರು ತಪ್ಪಸಬ್ಯಾಡ."

"ಆತಬೇ."

ಹೊರಟಿತು ದಿಂಡಿ. ದಿಂಡಿ ಅಂದರೆ ತಾಳ ಬಡಿಯುತ್ತ, ವಿಠ್ಠಲನ ಹಾಡು ಹೇಳುತ್ತ ಪಂಢರಪುರಕ್ಕೆ ನಡೆದು ಹೋಗುವವರ ಗುಂಪು. ಇವರ ದಿಂಡಿಯಲ್ಲಿ ನಲವತ್ತು ಜನ. ಹೆಂಗಸರ ತಲೆಯ ಮೇಲೆ ತುಳಸಿಯ ಸಣ್ಣ ಸಣ್ಣ ಕುಂಡ. ಊರು ದಾಟಿದ್ದೇ ತಡ, ಮಳೆ ಶುರು. ಆ ಎರೆ ಮಣ್ಣು ನಿಮಗೆ ಗೊತ್ತಲ್ಲ. ಒಂದು ಹೆಜ್ಜೆ ಇಟ್ಟರೆ ಒಂದು ಸೇರು ಮಣ್ಣು ಕಾಲಿಗೆ. ಹತ್ತು ಹೆಜ್ಜೆ ಇಟ್ಟರೆ ಅರ್ಧ ಹೊಲವೇ ಕಾಲಿಗೆ. ಆದರೂ ಜನ ಹಾಡುತ್ತಲೇ ನಡೆದರು. ಮಳೆ ಬಂದರೆ ಬಿತ್ತಿದ್ದು ಹುಟ್ಟುತ್ತದೆ, ಅದಕ್ಕೇ ಮಳೆಯನ್ನು ಬೈಯುವವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಎರಡನೇ ದಿನ ಮುಂಜಾನೆ ಧೋ ಅಂತ ಮಳೆ. ಗೋದವ್ವ ತುಳಸಿ ಹೊತ್ತು ಹೊರಟಿದ್ದಾಳೆ, ಮೈಯೆಲ್ಲ ತೊಯ್ದು ತೊಪ್ಪೆಯಾಗಿದೆ. ಹಿಂದಿನಿಂದ ಪುಂಡಲೀಕ ಬಂದ. ತಂಬಿಗೆ ಎತ್ತಿದ. ಸುರಿದ!

"ಅಯ್ಯಯ್ಯ! ಏನ್ರೀ ಇದು!"

"ಅವ್ವ ಹೇಳ್ಯಾಳ, ದಿನಾ ಒಂದು ತಂಬಿಗಿ."

"ಮ್ಯಾಲ ಮುಗಿಲ ಹರಕೊಂಡು ಬಿದ್ದೈತಿ, ನೀವು ತಂಬಿಗೀಲೆ ಸುರೀತೀರಲ್ರೀ! ಅಯ್ಯ ನನ್ನ ಕರ್ಮವೇ! ಏನೂ ಮಾಡಬ್ಯಾಡ್ರಿ ನೀವು. ನಾ ಇಟ್ಟ ಹೆಜ್ಜಿ ಮ್ಯಾಲ ಹೆಜ್ಜಿ ಇಟಗೊಂತ ಸುಮ್ಮನ ಹಿಂದ ಬರ್ರಿ. ಅಷ್ಟ ಸಾಕು."

"ಆತು ಬಿಡು, ಹಂಗ ಮಾಡ್ತೀನಿ."

ಕೆಸರಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತಿದ್ದವು. ಅವಳು ಇಟ್ಟಲ್ಲಿ ಇವನು ಇಟ್ಟ. ಅವಳು ಜಾರಿದಲ್ಲಿ ಇವನೂ ಜಾರಿದ. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ದಾರಿ ಬಿಟ್ಟು ಜೋಳದ ಬಣವೆಯ ಹಿಂದೆ ಹೋದರು. ಯಾಕೆ ಹೋದರು ಅಂತ ನಾನು ಹೇಳಬೇಕಾಗಿಲ್ಲ. ಪುಂಡಲೀಕ ಹೆಜ್ಜೆ ನೋಡಿದ. ಹೆಜ್ಜೆಗಳು ಬಣವೆಯ ಹಿಂದೆ ಹೋಗಿವೆ. ಇವನೂ ಹೋದ!

ಏನು ಕೂಗು, ಏನು ಚೀರಾಟ! ಒಬ್ಬಳು ತಂಬಿಗೆ ಎಸೆದಳು, ಒಬ್ಬಳು ಹೆಂಟೆ ಎಸೆದಳು. ಪುಂಡಲೀಕ ಹಣೆ ಹಿಡಿದುಕೊಂಡು ಓಡಿ ಬಂದ.

"ನಾಚಿಕಿ ಬ್ಯಾಡೇನ್ರೀ?" ಗೋದವ್ವನ ಮುಖ ಕೆಂಪಗಾಗಿತ್ತು. "ಹೆಂಗಸರು ಕೂಡಿ ಕುಂತಲ್ಲಿ ಬರತಾರೇನ್ರೀ? ದೂರ ನಿಂತು, ಬೆನ್ನು ಈ ಕಡೆ ಮಾಡಿ, ಕಣ್ಣು ಮುಚ್ಚಬೇಕ್ರೀ!"

"ಆತು ಬಿಡು, ಹಂಗ ಮಾಡ್ತೀನಿ."

ಮರುದಿನ ಒಂದು ಊರು ಬಂತು. ಆ ದಾರಿಯ ಊರುಗಳ ಪುಣ್ಯ ದೊಡ್ಡದು ನೋಡಿ. ದಿಂಡಿ ಬರುತ್ತದೆ ಅಂತ ತಿಳಿದರೆ ಸಾಕು, ಮನೆ ಮನೆಯವರು ರೊಟ್ಟಿ ಬಡಿದು, ದಾರಿಯಲ್ಲೇ ನಿಂತು, ಗುರುತಿಲ್ಲದವರನ್ನು ಕರೆದು ಕರೆದು ಉಣಿಸುತ್ತಾರೆ. ಅವತ್ತೂ ಹಾಗೇ. ಶಾಲೆಯ ಕಟ್ಟೆಯ ಮೇಲೆ ಹತ್ತು ಹೆಂಗಸರು ಕೂಡಿ ಕೂತು ಬುಟ್ಟಿ ಬುಟ್ಟಿ ರೊಟ್ಟಿ, ಕೊಪ್ಪರಿಗೆ ತುಂಬ ಪಲ್ಯ ಬಡಿಸುತ್ತಿದ್ದರು. ಎಲ್ಲರೂ ಉಂಡರು. ಗೋದವ್ವನೂ ಉಂಡಳು. ಉಂಡು ಎದ್ದು ನೋಡುತ್ತಾಳೆ, ಗಂಡ ಇಲ್ಲ. ಹುಡುಕಿದರೆ ಆಚೆ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ತೊಯ್ಯುತ್ತ ನಿಂತಿದ್ದಾನೆ!

"ಉಂಡ್ರೇನ್ರೀ?"

"ಎಲ್ಲಿ ಉಣ್ಣಲಿ? ಹೆಂಗಸರು ಕೂಡಿ ಕುಂತಾರ!"

ರೊಟ್ಟಿ ಮುಗಿದಿತ್ತು. ಗೋದವ್ವನಿಗೆ ಸಿಟ್ಟೂ ಬಂತು, ಕರುಳೂ ಚುರ್ ಅಂತು. "ಪ್ರೀತೀಲೆ ಕೊಟ್ಟದ್ದನ್ನ ಬಿಡಬಾರದ್ರೀ. ಯಾರು ಏನು ಕೊಟ್ಟರೂ ಎರಡೂ ಕೈ ಚಾಚಿ ಇಸಗೊಂಡು, ಕಣ್ಣಿಗೊತ್ತಿಕೊಂಡು, ಅಲ್ಲೇ ನಿಂತು ಒಂದಗಳೂ ಬಿಡದಂಗ ತಿನಬೇಕು!"

"ಆತು ಬಿಡು, ಹಂಗ ಮಾಡ್ತೀನಿ."

ಮೂರು ದಿನ ನೀರಿನಲ್ಲಿ ನಡೆದು ಎಲ್ಲರ ಕಾಲೂ ಹಾಳಾಗಿತ್ತು. ಬೆರಳ ಸಂದಿಯೆಲ್ಲ ಹುಣ್ಣು. ಗೋದವ್ವನ ಹಿಮ್ಮಡಿಯಂತೂ ಬಿರಿದು ರಕ್ತ ಬರುತ್ತಿತ್ತು. ನಾಲ್ಕನೇ ದಿನ ಮುಂದಿನ ಊರಲ್ಲಿ ಒಬ್ಬ ಪುಣ್ಯಾತ್ಮ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ, ನಡೆಯುವವರಿಗೆಲ್ಲ ಮುತ್ತಲ ಎಲೆಯಲ್ಲಿ ಹಂಚುತ್ತಿದ್ದ. ಗೋದವ್ವ ಕುಂಟುತ್ತ ಗೋಡೆಗೊರಗಿ ಕೂತಳು. "ನನ್ನ ಪಾಲಿಂದೂ ಇಸಗೊಂಡು ಬರ್ರಿ" ಅಂದಳು.

ಪುಂಡಲೀಕ ಹೋದ. ಎರಡೂ ಕೈ ಚಾಚಿದ. ಇಬ್ಬರ ಪಾಲೂ ಇಸಿದುಕೊಂಡ. ಕಣ್ಣಿಗೊತ್ತಿಕೊಂಡ. ಕಣ್ಣು ಉರಿಯಿತು. ಅಲ್ಲೇ ನಿಂತು ತಿಂದ! ಮುಖ ಹಿಂಡಿಕೊಂಡು, ಕಣ್ಣೀರು ಸುರಿಸುತ್ತ ಎರಡೂ ಎಲೆ ನೆಕ್ಕಿದ. ಕೊಟ್ಟವನು ಬಾಯಿ ಬಿಟ್ಟು ನೋಡುತ್ತ ನಿಂತ.

"ತಂದ್ರೇನ್ರೀ?" ಅಂದಳು ಗೋದವ್ವ.

"ತಿಂದೆ. ಭಾಳ ಕಹಿ ಇತ್ತು. ಆದ್ರೂ ಪ್ರೀತೀಲೆ ಕೊಟ್ಟಿದ್ದ."

"ಅಯ್ಯ ನನ್ನ ಕರ್ಮವೇ! ಅದು ಕಾಲಿಗೆ ಹಚ್ಚೂದ್ರೀ! ಎಲಿಯಾಗ ಕೊಟ್ಟದ್ದನ್ನ ಕಾಲಿಗೆ ತಿಕ್ಕಿ ತಿಕ್ಕಿ ಹಚ್ಚಿ, ಮ್ಯಾಲ ಬಟ್ಟಿ ಕಟ್ಟಬೇಕು! ನನ್ನ ಕಾಲು ಹೆಂಗ ಆಗ್ಯಾವ ನೋಡ್ರಿ!"

ಪುಂಡಲೀಕ ನೋಡಿದ. ಇಷ್ಟು ಹೊತ್ತೂ ಹೆಜ್ಜೆ ನೋಡಿದ್ದ, ಕಾಲು ನೋಡಿರಲಿಲ್ಲ. ರಕ್ತ ನೋಡಿ ಅವನ ಮುಖ ಸಣ್ಣದಾಯಿತು. "ಆತು ಬಿಡು, ಹಂಗ ಮಾಡ್ತೀನಿ" ಅಂದ, ಈ ಸಲ ಮೆಲ್ಲಗೆ.

ಸಂಜೆ ಒಂದು ತೋಟದ ಮನೆಯ ಪಡಸಾಲೆಯಲ್ಲಿ ದಿಂಡಿ ಇಳಿಯಿತು. ಗೋದವ್ವ ಕೂತಲ್ಲೇ ತೂಕಡಿಸಿದಳು. ಆ ಮನೆಯ ಅಜ್ಜಿ ಒಲೆಯಿಂದ ಇಳಿಸಿದ ಜುಣಕವನ್ನು ಮುತ್ತಲ ಎಲೆಯಲ್ಲಿ ಹಾಕಿ, ಮೇಲೆ ಎರಡು ರೊಟ್ಟಿಯಿಟ್ಟು ಪುಂಡಲೀಕನ ಕೈಗೆ ಕೊಟ್ಟಳು. ಕಡಲೆಹಿಟ್ಟಿನ ಜುಣಕ, ಘಮ್ ಅನ್ನುತ್ತಿದೆ. ಬೆಳಗಿನಿಂದ ಅವನ ಹೊಟ್ಟೆಯಲ್ಲಿ ಬೇವಿನೆಣ್ಣೆ ಬಿಟ್ಟರೆ ಬೇರೇನಿಲ್ಲ. ಆದರೂ ಒಂದು ಬೆರಳು ನೆಕ್ಕಲಿಲ್ಲ. ಹೆಂಡತಿಯ ಕಾಲ ಹತ್ತಿರ ಕೂತ. ಜುಣಕ ಆರಿಸಿ ಆರಿಸಿ ಕಾಲಿಗೆ ತಿಕ್ಕಿದ. ಮೇಲೆ ಒಂದೊಂದು ರೊಟ್ಟಿ ಇಟ್ಟ. ತನ್ನ ರುಮಾಲು ಹರಿದು ಕಟ್ಟಿದ!

ಬೆಚ್ಚಗಾಗಿ ಗೋದವ್ವ ಕಣ್ಣು ಬಿಟ್ಟಳು. ಎದುರಿಗೆ ಗಂಡ. ಗಂಡನ ಹಿಂದೆ ಮೂರು ನಾಯಿ!

"ಏನ್ರೀ ಇದು! ಅನ್ನ ತಂದು ಕಾಲಿಗೆ ಹಚ್ತೀರೇನ್ರೀ!"

"ಎಲಿಯಾಗ ಕೊಟ್ಟರು. ಎಲಿಯಾಗ ಕೊಟ್ಟದ್ದು ಕಾಲಿಗೆ ಅಂದಿ."

ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು. "ನನ್ನ ಜುಣಕಕ್ಕ ಉಪ್ಪು ಹೆಚ್ಚಂದವರು ಅದಾರ, ಖಾರ ಕಮ್ಮಿ ಅಂದವರು ಅದಾರ. ಕಾಲಿಗೆ ಹಚ್ಚಿದವನು ಇವನ ಮೊದಲ! ತಡಿಯಪ್ಪಾ, ಮತ್ತ ಕೊಡ್ತೀನಿ." ಮತ್ತೆ ಕೊಟ್ಟಳು. ಸುಟ್ಟ ಅಂಚಿನ ರೊಟ್ಟಿ ಒಂದಿತ್ತು, ಪುಂಡಲೀಕ ಅದನ್ನು ಮುರಿದು ಅಂಚೆಲ್ಲ ಗೋದವ್ವನ ಮುಂದಿಟ್ಟ. "ನಿನಗ ಸುಟ್ಟ ಅಂಚು ಸೇರ್ತದಲ್ಲ. ಲಗ್ನ ಆದ ವಾರದಾಗ ಒಂದು ಸಲ ಅಂದಿದ್ದಿ."

ತಾನು ಯಾವಾಗ ಅಂದಿದ್ದೆ ಅಂತ ಗೋದವ್ವನಿಗೇ ನೆನಪಿರಲಿಲ್ಲ. ಕಾಲಿನ ಉರಿಯೂ ತುಸು ಇಳಿದಿತ್ತು, ಅದನ್ನು ಮಾತ್ರ ಗಂಡನಿಗೆ ಹೇಳಲಿಲ್ಲ. ಹೇಳಿದರೆ ನಾಳೆ ಹುಳಿ ಹಚ್ಚುತ್ತಾನೆ. ಬದಲಿಗೆ ಬುದ್ಧಿ ಹೇಳಿದಳು: "ನೋಡ್ರಿ, ಹಿಂಗ ಗುರುತಿಲ್ಲದವರನ್ನ ಕರದು ಉಣಸ್ತಾರಲ್ಲ, ಇವರನ್ನ ನಾವು ದೇವರಂತ ತಿಳೀಬೇಕು. ಅದಕ್ಕ ಈ ದಾರಿಯಾಗ ಎಲ್ಲಾರನ್ನೂ 'ಮಾವುಲಿ' ಅಂತಾರ, ತಾಯಿ ಅಂದಂಗ. ಎದುರು ಯಾರ ಬರಲಿ, ಮಾವುಲಿ ಅಂದು ಕಾಲು ಮುಟ್ಟಿ ನಮಸ್ಕಾರ ಮಾಡಬೇಕು."

"ಆತು ಬಿಡು, ಹಂಗ ಮಾಡ್ತೀನಿ."

ಅಯ್ಯೋ, ಈ ಮಾತು ಹೇಳಬಾರದಿತ್ತು ಗೋದವ್ವ! ಬೆಳಗಾಯಿತು. ಪುಂಡಲೀಕ ಅಜ್ಜಿಯ ಕಾಲು ಮುಟ್ಟಿದ, ಸರಿ. ದಿಂಡಿಯ ನಲವತ್ತು ಜನರ ಕಾಲು ಮುಟ್ಟಿದ, ಅದೂ ಸರಿ. ದಾರಿಯಲ್ಲಿ ಮೊಸರಿನವಳು ಬಂದಳು, ಮಾವುಲಿ! ಅಂಚೆಯವನು ಸೈಕಲ್ ತುಳಿಯುತ್ತ ಬಂದ, ಮಾವುಲಿ! ಪುಂಡಲೀಕ ಸೈಕಲ್ ಹಿಡಿದು ನಿಲ್ಲಿಸಿ ಕಾಲು ಮುಟ್ಟಿದ, ಅಂಚೆಯವನು ಕೆಸರಿಗೆ ಬಿದ್ದ. ಆಮೇಲೆ ಬಂದದ್ದು ಎಮ್ಮೆಗಳ ಹಿಂಡು. ಒಟ್ಟು ಅರವತ್ತು ಎಮ್ಮೆ!

ಒಂದು ಎಮ್ಮೆ, ನಾಲ್ಕು ಕಾಲು. ಮಾವುಲಿ, ಮಾವುಲಿ, ಮಾವುಲಿ, ಮಾವುಲಿ. ಮುಂದಿನ ಎಮ್ಮೆ, ಮತ್ತೆ ನಾಲ್ಕು. ಒದೆ ತಿಂದ, ಎದ್ದ, ಮತ್ತೆ ಮುಟ್ಟಿದ. ದಿಂಡಿಯ ತಾಳ ಮುಂದೆ ಹೋಯಿತು, ಹಾಡು ಸಣ್ಣಗಾಯಿತು, ಆಮೇಲೆ ಮಳೆಯ ಸದ್ದೊಂದೇ.

"ಬರ್ರೀ ಸಾಕು! ದಿಂಡಿ ಹೋತು!"

"ತಡಿ ಗೋದೀ, ಈಕಿದು ಎರಡು ಕಾಲು ಮುಟ್ಟೀನಿ. ಇನ್ನೆರಡು ಬಿಟ್ಟರ ಆಕಿ ಏನು ತಿಳಕೊಂಡಾಳು!"

ಮುಗಿಯುವ ಹೊತ್ತಿಗೆ ದಾರಿಯಲ್ಲಿ ಅವರಿಬ್ಬರೇ. ಗೋದವ್ವನಿಗೆ ಅಳು ಬಂತು. ಹಾದಿ ಗೊತ್ತಿಲ್ಲ, ಜೊತೆಯಿಲ್ಲ, ಮಳೆ ಬೇರೆ. "ನಮ್ಮ ಅಣ್ಣ ಹೇಳಿದ್ದ ಖರೆ!" ಅಂತ ಬಾಯಿಬಿಟ್ಟು ಅಂದೇಬಿಟ್ಟಳು. "ಇನ್ನ ಎದುರು ಯಾರು ಬರಲಿ, ಏನು ಬರಲಿ, ನಿಲ್ಲಬ್ಯಾಡ್ರಿ! ದಿಂಡಿ ಸಿಗೂತನಕ ನೆಟ್ಟಗ ನಡೀರಿ!"

"ಆತು ಬಿಡು, ಹಂಗ ಮಾಡ್ತೀನಿ."

ಬಿರಬಿರನೆ ನಡೆದ ಪುಂಡಲೀಕ. ಅವಳು ಹಿಂದೆ ಕುಂಟುತ್ತ ಬಂದಳು. ಎದುರಿಗೆ ಒಂದು ಹಳ್ಳ. ಬೇಸಿಗೆಯಲ್ಲಿ ಕುರಿ ದಾಟುವ ಹಳ್ಳ, ಅವತ್ತು ಕೆಂಪಗೆ ತುಂಬಿ ದಾರಿಯ ಮೇಲೆ ಹರಿಯುತ್ತಿತ್ತು. ಗೋದವ್ವ ನೋಡಿದಳು, ನಿಂತಳು. ಪುಂಡಲೀಕ ನೋಡಿದ, ನಿಲ್ಲಲಿಲ್ಲ.

"ನಿಂದರ್ರೀ!" ಅಂತ ಕೂಗುವಷ್ಟರಲ್ಲಿ ಮೊಳಕಾಲು ಮುಳುಗಿತು. ಇನ್ನೊಮ್ಮೆ ಕೂಗುವಷ್ಟರಲ್ಲಿ ಸೊಂಟ. ಮೂರನೇ ಸಲ ಕೂಗಿದಾಗ ಕಾಲು ತಪ್ಪಿತು, ಹೊಳ್ಳಿ ಬಿದ್ದ, ನೀರು ಅವನನ್ನು ಎತ್ತಿಕೊಂಡು ನಡೆಯಿತು.

ಅಣ್ಣನ ಜೊತೆ ಹೋಗಲು ಇನ್ನು ಅಡ್ಡಿಯಿಲ್ಲ ಅಂತ ಗೋದವ್ವನಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ತುಳಸಿ ಕುಂಡ ಕೆಳಗಿಟ್ಟಳು, ಬಿರಿದ ಕಾಲಲ್ಲೇ ದಂಡೆಗುಂಟ ಓಡಿದಳು. "ವಿಠ್ಠಲಾ, ಇವರನ್ನ ಉಳಸು! ನನಗ ಇವರು ಬೇಕು! ಹಿಡಕೋರ್ರೀ! ಏನು ಸಿಕ್ಕರೂ ಹಿಡಕೋರ್ರೀ, ಬಿಡಬ್ಯಾಡ್ರೀ!"

ಅಡ್ಡ ಬಂದದ್ದು ಒಂದು ಜಾಲಿಗಿಡ. ಮೈತುಂಬ ಮುಳ್ಳು. ಪುಂಡಲೀಕ ಅದನ್ನೇ ತಬ್ಬಿ ಹಿಡಿದ. ಕೂಗು ಕೇಳಿ ಇಬ್ಬರು ಕುರುಬರು ಓಡಿಬಂದರು, ಕಂಬಳಿ ಹೊಸೆದು ಎಸೆದರು.

"ಗಿಡ ಬಿಟ್ಟು ಕಂಬಳಿ ಹಿಡಿಯೋ ತಮ್ಮಾ!"

"ಬಿಡಬ್ಯಾಡ ಅಂದಾಳ್ರೀ!"

"ಲೇ, ಸಾಯ್ತೀಯೋ!"

"ಆಕಿನ್ನ ಕೇಳ್ರೀ!"

"ಕಂಬಳಿ ಹಿಡೀರೀ!" ಅಂತ ಗೋದವ್ವ ಗಂಟಲು ಹರಿಯುವ ಹಾಗೆ ಕೂಗಿದಳು. ಆಗ ಹಿಡಿದ. ಎಳೆದರು. ದಂಡೆಗೆ ಬಂದು ಬಿದ್ದ. ಬಿದ್ದವನು ಕಂಬಳಿ ಬಿಡಲಿಲ್ಲ. ಕುರುಬ ಈ ಕಡೆ ಎಳೆದ, ಇವನು ಆ ಕಡೆ ಎಳೆದ. "ನನ್ನ ಕಂಬಳಿ ಕೊಡೋ ಮಾರಾಯ!" ಅಂತ ಕುರುಬ ಕೈಮುಗಿದ.

ಗೋದವ್ವ ನಗಲಿಲ್ಲ. ಕೆಸರಲ್ಲಿ ಕೂತು ಗಂಡನ ಅಂಗೈಯಿಂದ ಒಂದೊಂದೇ ಮುಳ್ಳು ಕಿತ್ತಳು. "ಅವರ ಕಂಬಳಿ ಬಿಡ್ರಿ" ಅಂದಳು. "ಹಿಡಿಯೂದಿದ್ದರ ನನ್ನ ಕೈ ಹಿಡೀರಿ. ಪಂಢರಪುರ ಬರೂತನಕ ಬಿಡಬ್ಯಾಡ್ರಿ."

"ಆತು ಬಿಡು, ಹಂಗ ಮಾಡ್ತೀನಿ."

ಕುರುಬರು ಬೆಂಕಿ ಹಚ್ಚಿದರು, ಹಾಲು ಕೊಟ್ಟರು, ದಂಡೆಯಲ್ಲಿ ಬಿಟ್ಟಿದ್ದ ತುಳಸಿ ಕುಂಡ ತಂದುಕೊಟ್ಟರು, ನೀರಿಳಿದ ಮೇಲೆ ಹಳ್ಳ ದಾಟಿಸಿ ದಿಂಡಿ ಸೇರಿಸಿದರು. ಗೋದವ್ವ ಅವರಿಬ್ಬರ ಕಾಲು ಮುಟ್ಟಿದಳು. ಪುಂಡಲೀಕನೂ ಮುಟ್ಟಿದ, ಎಡಗೈಯಲ್ಲಿ. ಬಲಗೈ ಹೆಂಡತಿಯ ಕೈಯಲ್ಲಿತ್ತಲ್ಲ!

ಮೂರು ದಿನ ಬಿಡಲಿಲ್ಲ. ಗಂಡ ಹೆಂಡತಿ ಕೈ ಕೈ ಹಿಡಿದು ನಡೆಯುವುದನ್ನು ಆ ದಿಂಡಿ ಹುಟ್ಟಿದಂದಿನಿಂದ ಕಂಡಿರಲಿಲ್ಲ. "ಏ ಗೋದೀ, ಲಗ್ನ ಮೊನ್ನೆ ಆತೇನ?" ಅಂತ ಹೆಂಗಸರು ಚುಡಾಯಿಸಿದರು. ಉಣ್ಣುವಾಗ ಅವಳೇ ತುತ್ತು ಮಾಡಿ ಹಾಕಬೇಕಾಯಿತು. ಮೊದಲು ನಾಚಿಕೆಯಾಯಿತು, ಆಮೇಲೆ ರೂಢಿಯಾಯಿತು. ಜಾರಿದರೆ ಇಬ್ಬರೂ ಜಾರುತ್ತಿದ್ದರು, ಒಬ್ಬರು ಎದ್ದರೆ ಇನ್ನೊಬ್ಬರೂ ಏಳಬೇಕಾಗುತ್ತಿತ್ತು. ಮಳೆಯಲ್ಲಿ ಗೋದವ್ವ ಮಾತಾಡುತ್ತ ನಡೆದಳು. ಅವ್ವ ತೀರಿಕೊಂಡದ್ದು, ಅಣ್ಣ ಎತ್ತಿಕೊಂಡು ಶಾಲೆಗೆ ಬಿಟ್ಟದ್ದು, ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಅವನು ಒಂದಕ್ಷರ ಬಿಡದ ಹಾಗೆ ಕೇಳಿದ. ಅಷ್ಟು ಲಕ್ಷ್ಯ ಕೊಟ್ಟು ತನ್ನ ಮಾತು ಕೇಳಿದವರು ಅವಳ ಬಾಳಿನಲ್ಲಿ ಇನ್ನೊಬ್ಬರಿರಲಿಲ್ಲ.

ಎಂಟನೇ ದಿನ, ಏಕಾದಶಿ. ಊರ ಹೆಸರಿನ ಬೋರ್ಡು ಕಂಡಿತು. ಜನವೆಂದರೆ ಜನ, ಮಳೆ ಹನಿಗಿಂತ ಜನವೇ ಹೆಚ್ಚು. "ಬಂತು ಪಂಢರಪುರ!" ಅಂತ ಯಾರೋ ಕೂಗಿದರು. ಪುಂಡಲೀಕ ಕೇಳಿದ. ಪಟ್ಟನೆ ಕೈ ಬಿಟ್ಟ!

ತಿರುಗಿ ನೋಡುವಷ್ಟರಲ್ಲಿ ಗದ್ದಲ ಗೋದವ್ವನನ್ನು ನೂಕಿಕೊಂಡು ಹೋಯಿತು. ಗುಡಿಯ ಹತ್ತಿರದ ಹೊಳೆಯ ದಂಡೆಗೇ ಹೋಗಿ ನಿಂತಳು. ದಿಂಡಿಗಳು ಬಂದು ಸೇರುವ ಜಾಗ ಅಂತ ದತ್ತೋಬ ಅಲ್ಲೇ ಕಾಯುತ್ತಿದ್ದ.

"ಎಲ್ಲಿ ಅವ?"

"ಕಳಕೊಂಡೆ ಅಣ್ಣಾ! ಕೈ ತಪ್ಪಿದರು!"

"ಛಲೋ ಆತು, ನಡಿ ಊರಿಗೆ."

ಅವಳು ಅಣ್ಣನನ್ನು ನೋಡಿದ ನೋಟಕ್ಕೆ ದತ್ತೋಬನೇ ಮುಂದಾಗಿ ಹುಡುಕಲು ಹೊರಟ. ಮೈಕಿನವರ ಹತ್ತಿರ ಓಡಿ ಕೂಗಿಸಿದರು: "ಪುಂಡಲೀಕ ಅನ್ನುವವರು ಎಲ್ಲಿದ್ದರೂ ಬರಬೇಕು!" ವಿಠ್ಠಲನನ್ನೇ ಇಟ್ಟಿಗೆಯ ಮೇಲೆ ನಿಲ್ಲಿಸಿ ಕಾಯಿಸಿದ ಭಕ್ತನ ಹೆಸರು, ಆ ಊರಲ್ಲಿ ಅದಕ್ಕೆ ಬರವೇ? ಹನ್ನೊಂದು ಜನ ಪುಂಡಲೀಕರು ಬಂದು ಸಾಲಾಗಿ ನಿಂತರು. ಇವಳ ಪುಂಡಲೀಕ ಒಬ್ಬ ಬರಲಿಲ್ಲ. ಹನ್ನೊಂದು ಮುಖವನ್ನೂ ನೋಡಿ ಗೋದವ್ವ ಗೊಳೋ ಅಂತ ಅತ್ತಳು. ಅಳುತ್ತ ಅಳುತ್ತ ಥಟ್ಟನೆ ನಿಲ್ಲಿಸಿದಳು.

"ಅಣ್ಣಾ, ನಾ ಅವರಿಗೆ ಎಲ್ಲೂ ಹೋಗಂತ ಹೇಳಿಲ್ಲ!"

ಓಡಿದಳು. ಹಿಂದೆ ದತ್ತೋಬ. ಜನದ ಎದುರು ಈಜಿಕೊಂಡು ಊರ ಬೋರ್ಡಿನ ತನಕ ಬಂದರು. ಬೋರ್ಡಿನ ಕೆಳಗೆ, ಕೈ ಬಿಟ್ಟ ಜಾಗದಲ್ಲೇ, ಮಳೆಯಲ್ಲಿ ಪುಂಡಲೀಕ ನಿಂತಿದ್ದ. ಪಕ್ಕದ ಚಹಾ ಅಂಗಡಿಯವನು ಹೇಳಿದ: "ಒಳಗ ಬಾ ಅಂದ್ರ ಬರವಲ್ಲ, ಕೂಡು ಅಂದ್ರ ಕೂಡವಲ್ಲ. ಮಧ್ಯಾಹ್ನದಿಂದ ಹಿಂಗ ನಿಂತಾನ."

"ಯಾಕ ನಿಂತ್ರೀ ಇಲ್ಲಿ?" ಗೋದವ್ವ ಏದುಸಿರು ಬಿಡುತ್ತ ಕೇಳಿದಳು.

"ಪಂಢರಪುರ ಬಂತು, ಕೈ ಬಿಟ್ಟೆ. ಮುಂದಿಂದು ನೀ ಹೇಳಿರಲಿಲ್ಲ."

ದತ್ತೋಬ ಮಳೆಯಲ್ಲಿ ಮುಖ ಒರೆಸಿಕೊಂಡ. ಮೂವರೂ ದರ್ಶನದ ಸಾಲಿನಲ್ಲಿ ನಿಂತರು. ತಾಸುಗಟ್ಟಲೆ ನಿಂತರು. ಗುಡಿಯ ಬಾಗಿಲು ಹತ್ತಿರ ಬಂದಾಗ ಗೋದವ್ವ ಕೊನೆಯ ಬುದ್ಧಿ ಹೇಳಿದಳು. ಈ ಸಲ ಯೋಚಿಸಿ, ಬಿಡಿಸಿ ಬಿಡಿಸಿ ಹೇಳಿದಳು.

"ಕೇಳ್ರಿ. ಒಳಗ ಒಂದ ಗಳಿಗಿ ಸಿಗತೈತಿ. ಇಷ್ಟು ದೂರ, ಇಂಥಾ ಮಳಿಯಾಗ ನಿಮ್ಮನ್ನ ಜೋಪಾನ ಮಾಡಿ ಯಾರು ಇಲ್ಲಿಗೆ ಮುಟ್ಟಿಸ್ಯಾರ, ಅವರ ಕಾಲ ಮ್ಯಾಲ ತಲಿ ಇಡ್ರಿ. ಮನಸ್ಸು ತುಂಬಿ ನೆನೀರಿ. ಯಾರು ನೂಕಿದರೂ, ಯಾರು ಬೈದರೂ ಗಡಿಬಿಡಿ ಮಾಡಬ್ಯಾಡ್ರಿ. ನಾ ಏಳ್ರಿ ಅಂದಾಗ ಏಳ್ರಿ."

"ಆತು ಬಿಡು, ಹಂಗ ಮಾಡ್ತೀನಿ."

ಒಳಗೆ ಹೋದರು. ಎದುರಿಗೆ ವಿಠ್ಠಲ, ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಪೂಜಾರಿ "ನಡೀರಿ, ನಡೀರಿ" ಅಂತ ಒಬ್ಬೊಬ್ಬರ ತಲೆ ಬಗ್ಗಿಸಿ ಎತ್ತಿ ಕಳಿಸುತ್ತಿದ್ದಾನೆ. ಪುಂಡಲೀಕನ ಸರದಿ ಬಂತು. ವಿಠ್ಠಲನನ್ನು ಒಮ್ಮೆ ನೋಡಿದ. ನೋಡಿ, ಗಿರಕ್ಕನೆ ತಿರುಗಿದ. ದೇವರಿಗೆ ಬೆನ್ನು ಹಾಕಿ, ಉದ್ದಕ್ಕೆ ಬಿದ್ದು, ಕೆಸರು ಮೆತ್ತಿದ ಗೋದವ್ವನ ಕಾಲ ಮೇಲೆ ತಲೆ ಇಟ್ಟುಬಿಟ್ಟ!

"ಏ! ಏ ಮಾವುಲಿ! ದೇವರು ಈ ಕಡೆ ಅದಾನ!" ಪೂಜಾರಿ ಚೀರಿದ.

ನೆಲದಿಂದಲೇ ಪುಂಡಲೀಕ ಹೇಳಿದ: "ನನ್ನ ಮಳಿಯಾಗ ಜೋಪಾನ ಮಾಡಿ ಕರಕೊಂಡು ಬಂದಾಕಿ ಈಕಿರೀ. ಅವರು ಇಲ್ಲೇ ನಿಂತಾರಲ್ರೀ, ಅವರು ಹೆಂಗ ಕರಕೊಂಡು ಬಂದಾರು?"

ಪೂಜಾರಿ ಕಾಲು ಹಿಡಿದು ಎಳೆದ, ಬರಲಿಲ್ಲ. ಹಿಂದಿನವರು ನೂಕಿದರು, ಅಲುಗಲಿಲ್ಲ. "ಏಳೋ ಹುಚ್ಚಾ!" ಅಂದರು. "ಆಕಿ ಅಂದಿಲ್ರೀ!" ಅಂದ. ಅವನ ಕಣ್ಣೀರು ಬೆಚ್ಚಗೆ ಗೋದವ್ವನ ಬಿರಿದ ಹಿಮ್ಮಡಿಗೆ ತಾಗುತ್ತಿತ್ತು. ಮನಸ್ಸು ತುಂಬಿ ನೆನೀರಿ ಅಂದಿದ್ದಳಲ್ಲ, ಎಂಟು ದಿನದ್ದನ್ನೂ ಒಂದೊಂದಾಗಿ ನೆನೆಯುತ್ತಿದ್ದ.

"ಗೋದೀ, ಏಳು ಅನ್ನು ಅವಗ! ಜನ ಬೈತಾರ!" ಅಂದ ದತ್ತೋಬ.

ಗೋದವ್ವ ವಿಠ್ಠಲನ ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಡಿ ಅಣ್ಣಾ. ದೇವರ ಮುಂದ ಹೇಳ್ತೀನಿ ಅಂದಿದ್ದೆ, ಹೇಳ್ತೀನಿ. ನೀ ಬಸ್ಸಿಗೆ ಊರಿಗೆ ಹೋಗು. ನಾ ಇವರ ಜೋಡಿ ನಡಕೊಂಡ ಬರ್ತೀನಿ."

ಹೇಳಿ ಕಣ್ಣು ಮುಚ್ಚಿ ಕೈಮುಗಿದಳು. ರೊಟ್ಟಿ ಕೊಟ್ಟವರು, ಜುಣಕದ ಅಜ್ಜಿ, ಕಂಬಳಿಯ ಕುರುಬರು, ಮನೆಯಲ್ಲಿ ಕಾಯುವ ಅತ್ತೆ, ಎಲ್ಲರನ್ನೂ ನೆನೆದಳು. ನೆನೆಯುವಷ್ಟರಲ್ಲಿ ಗಂಡನಿಗೆ 'ಏಳ್ರಿ' ಅನ್ನುವುದನ್ನು ಮರೆತೇಬಿಟ್ಟಳು! ಅವನು ಏಳಲಿಲ್ಲ. ಸಾಲು ಗುಡಿಯಿಂದ ಬೀದಿಗೆ, ಬೀದಿಯಿಂದ ಹೊಳೆಯ ತನಕ ನಿಂತುಬಿಟ್ಟಿತು. ಆ ಸಾಲಿನ ತುದಿಯಲ್ಲಿ ನಾನೂ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದೆ, ಒಳಗೆ ಯಾವ ಪೆದ್ದ ಬಿದ್ದುಕೊಂಡಿದ್ದಾನೋ ಅಂತ ಬಾಯಿಗೆ ಬಂದ ಹಾಗೆ ಬೈದಿದ್ದೆ. ಆ ಬೈಗುಳವೆಲ್ಲ ಇವತ್ತು ನಿಮ್ಮೆದುರು ವಾಪಸು ತಗೊಂಡೆ. ಅವರ ಮನೆ ತಣ್ಣಗಿರಲಿ, ಕೇಳಿದವರ ಮನೆ ಬೆಚ್ಚಗಿರಲಿ.